ಕೊಲಂಬೊದ ಸಂಸತ್ತಿನಲ್ಲಿ ಕೇಳಿದ ಬಲೆಯ ಪ್ರಶ್ನೆ

ಕೊಚ್ಚಿಯ ವಿಮಾನ ನಿಲ್ದಾಣ

ಮಾದೇವಿ ಅಕ್ಕನ ಚೀಲದಲ್ಲಿ ಒಣ ಶೆಟ್ಲಿ, ಅಂದರೆ ಒಣಗಿಸಿದ ಸಿಗಡಿ, ಇದೆಯೆಂದು ನನಗೆ ಗೊತ್ತಾದದ್ದು ತಪಾಸಣೆಯ ಯಂತ್ರದ ಬಳಿ ನಿಂತಿದ್ದ ಹುಡುಗಿ ಮೂಗು ಮುಚ್ಚಿಕೊಂಡಾಗ. ಸೀರೆಗಳ ನಡುವೆ ಪ್ಲಾಸ್ಟಿಕ್ಕು, ಅದರ ಮೇಲೆ ಹಳೆಯ ಟವೆಲು ಸುತ್ತಿ ಅಕ್ಕ ಅದನ್ನು ಬಚ್ಚಿಟ್ಟಿದ್ದರು. ಹುಡುಗಿ ಹಿಂದಿಯಲ್ಲಿ ಏನಿದು ಎಂದು ಕೇಳಿದಳು. ಅಕ್ಕ ಕನ್ನಡದಲ್ಲಿ ಶೆಟ್ಲಿಯನ್ನು ಹೇಗೆ ತೊಳೆಯಬೇಕು, ಮರಳು ಹತ್ತದ ಹಾಗೆ ಯಾವುದರ ಮೇಲೆ ಹರವಬೇಕು ಎಂದು ವಿವರಿಸತೊಡಗಿದರು. ನಮ್ಮ ಹಿಂದಿನ ಸಾಲು ಬೆಳೆಯುತ್ತ ಹೋಯಿತು. ಕೊನೆಗೆ ಪೊಟ್ಟಣ ಕಸದ ಬುಟ್ಟಿಗೆ ಬಿತ್ತು. ಪರದೇಶದವರಿಗೆ ಬರಿಗೈಯಲ್ಲಿ ಮುಖ ತೋರಿಸುವುದು ಹೇಗೆ ಎಂದು ಅಕ್ಕ ವಿಮಾನ ಏರುವ ತನಕ ಚಿಂತಿಸಿದರು.

ನಾವಿಬ್ಬರೂ ಹೊರಟದ್ದು ಶ್ರೀಲಂಕಾಕ್ಕೆ. ಅಲ್ಲಿನ ಮೀನುಗಾರ ಹೆಂಗಸರ ಒಂದು ಕೂಟ ನಮ್ಮ ಕರಾವಳಿಯಿಂದ ಇಬ್ಬರು ಹೆಂಗಸರನ್ನು ಕರೆದಿತ್ತು. ಹೊನ್ನಾವರದ ಕಾಸರಕೋಡದಲ್ಲಿ ಒಣಮೀನು ಮಾಡುವ ಹೆಂಗಸರ ಸಂಘಕ್ಕೆ ನಾನು ಕಾರ್ಯದರ್ಶಿ. ಇಂಗ್ಲಿಷು ಮಾತಾಡುತ್ತೇನೆಂದು ನನ್ನನ್ನು ಆರಿಸಿದರು. ಕುಮಟೆಯ ಹತ್ತಿರದ ಬಾಡದಿಂದ ಮಾದೇವಿ ಅಕ್ಕ. ವಯಸ್ಸಿನಲ್ಲಿ ನನ್ನ ತಾಯಿಯ ಸಮ. ಗಂಡುಮಕ್ಕಳಿಬ್ಬರೂ ಸಣ್ಣ ದೋಣಿಯವರು. ಸಂಜೆ ನೀರಿನಲ್ಲಿ ಬಲೆ ಕಟ್ಟಿ ಬರುತ್ತಾರೆ, ಬೆಳಗಿನ ಜಾವ ಹೋಗಿ ಎತ್ತುತ್ತಾರೆ. ನನ್ನ ಗಂಡನಿಗೆ ಎರಡು ಟ್ರಾಲ್ ಬೋಟುಗಳಿವೆ. ಮಳೆಗಾಲದ ಮೀನುಗಾರಿಕೆ ನಿಷೇಧವಾದ್ದರಿಂದ ಬೋಟುಗಳು ದಡದಲ್ಲಿದ್ದವು. ಮನೆಯಲ್ಲಿ ಬಿಡುವಿತ್ತು, ಗಂಡ ಹೋಗಿ ಬಾ ಎಂದರು.

ಸಣ್ಣ ದೋಣಿಯವರಿಗೂ ಟ್ರಾಲ್ ಬೋಟಿನವರಿಗೂ ನಮ್ಮ ಕಡೆ ಯಾವ ಜಗಳವೆಂದು ಗೊತ್ತಿಲ್ಲದವರಿಗೆ ಒಂದು ಮಾತು. ಟ್ರಾಲ್ ಬೋಟು ನೆಲ ಗುಡಿಸುವಂತೆ ಸಮುದ್ರದ ತಳದಲ್ಲಿ ಬಲೆಯನ್ನು ಎಳೆದುಕೊಂಡು ಹೋಗುತ್ತದೆ. ಅದು ದಡದ ಸಮೀಪ ಬರಕೂಡದು. ಬಂದರೆ ದೋಣಿಯವರು ಕಟ್ಟಿಟ್ಟ ಬಲೆ ಹರಿದು ಹೋಗುತ್ತದೆ. ರೈಲಿನಲ್ಲಿ, ವಿಮಾನದಲ್ಲಿ ಪಕ್ಕಪಕ್ಕ ಕೂತು ನಾವು ಮಕ್ಕಳ ವಿಷಯ, ಮೊಣಕಾಲು ನೋವಿನ ವಿಷಯ, ಎಲ್ಲ ಮಾತಾಡಿದೆವು. ಬೋಟಿನ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಕೊಲಂಬೊ

ಊರು ಬಿಟ್ಟು ಬಂದೆವೆಂದು ನಂಬುವುದೇ ಕಷ್ಟವಾಯಿತು. ಅದೇ ತೆಂಗು, ಅದೇ ಮಳೆ, ಅದೇ ಕುಚ್ಚಲಕ್ಕಿ. ಅಂಗಡಿ ಬೋರ್ಡಿನ ಸಿಂಹಳದ ಅಕ್ಷರಗಳು ಎಷ್ಟು ದುಂಡಗೆ ಎಂದರೆ, ಬಸ್ಸಿನಿಂದ ನೋಡುತ್ತ ಕನ್ನಡವೆಂದೇ ಓದಲು ಹೊರಟು, ಒಂದಕ್ಷರವೂ ಸಿಗದೆ ನಾನು ಕಣ್ಣುಜ್ಜಿಕೊಂಡೆ. ಮಾದೇವಿ ಅಕ್ಕನಿಗೆ ಹೀಗೆ ಆಗಲಿಲ್ಲ. ತಮಗೆ ಕನ್ನಡವೂ ಅಷ್ಟೇ ಓದಲಾಗುವುದೆಂದು ನಕ್ಕರು. ನಾವಿದ್ದಲ್ಲಿ ಚಹಕ್ಕೆ ಸಕ್ಕರೆ ಹಾಕುತ್ತಿರಲಿಲ್ಲ. ಬೆಲ್ಲದ ಚೂರು ಬೇರೆಯೇ ಕೊಡುತ್ತಿದ್ದರು, ಕಚ್ಚಿಕೊಂಡು ಕುಡಿಯಬೇಕು. ಅಕ್ಕ ಅದನ್ನು ಊರಿಗೆ ಹೋಗಿಯೂ ನಡೆಸುತ್ತೇನೆಂದು ಘೋಷಿಸಿದರು.

ಸಭೆ ನಡೆದದ್ದು ಒಂದು ಇಗರ್ಜಿಯ ಹಿಂದಿನ ಕಟ್ಟಡದಲ್ಲಿ. ಮಲಗುವುದು, ಉಣ್ಣುವುದು ಎಲ್ಲ ಅಲ್ಲೇ. ದೇಶದ ಉತ್ತರದ ಮನ್ನಾರ್ ಕಡೆಯಿಂದ ರಾತ್ರಿಯಿಡೀ ಬಸ್ಸಿನಲ್ಲಿ ಬಂದ ತಮಿಳು ಹೆಂಗಸರಲ್ಲಿ ರೀಟಾ ಎಂಬವಳಿದ್ದಳು. ನನ್ನದೇ ವಯಸ್ಸು. ಕನ್ಯಾಸ್ತ್ರೀಯರ ಶಾಲೆಯಲ್ಲಿ ಕಲಿತ ಇಂಗ್ಲಿಷು, ನನ್ನದಕ್ಕಿಂತ ನೆಟ್ಟಗಿತ್ತು. ಗಂಡ ಏಡಿ ಬಲೆಯವನು. ಅವಳು ಎದ್ದು ನಿಂತು, ಭಾರತದ ಕಡೆಯಿಂದ ಕತ್ತಲಲ್ಲಿ ಬರುವ ಟ್ರಾಲರುಗಳು ತಮ್ಮ ಬಲೆಗಳನ್ನು ಹೇಗೆ ಎಳೆದುಕೊಂಡು ಹೋಗುತ್ತವೆ ಎಂದು ಹೇಳಿದಳು. ಕೂಗಾಡಲಿಲ್ಲ. ಬೆಳಿಗ್ಗೆ ಗಂಡ ಹೋಗಿ ನೋಡಿದರೆ ಬಲೆಯ ಜಾಗದಲ್ಲಿ ಬರೀ ನೀರು. ದಡಕ್ಕೆ ಬಂದು ದೋಣಿಯಿಂದ ಇಳಿಯದೆ ಅಲ್ಲೇ ಕೂತಿರುತ್ತಾನೆ. ತಾನು ಹೋಗಿ ಕರೆಯಬೇಕು. ಇಷ್ಟೇ ಹೇಳಿದ್ದು.

ನಮ್ಮ ಕಾಸರಕೋಡದ ಬೋಟುಗಳು ಅಷ್ಟು ದೂರ ಹೋಗುವುದಿಲ್ಲ. ಅವು ಬೇರೆ ಸಮುದ್ರದ ಬೋಟುಗಳು, ಬೇರೆ ಜನ. ಆದರೂ ಚಹದ ಹೊತ್ತಿಗೆ ರೀಟಾ ನನ್ನ ಪಕ್ಕ ಬಂದು ಕೂತು, ನಿಮ್ಮ ಮನೆಯಲ್ಲಿ ಯಾವ ಬೋಟು ಎಂದು ಸಹಜವಾಗಿ ಕೇಳಿದಾಗ ನನ್ನ ಬಾಯಿಂದ ಬಂದದ್ದು "ಸಣ್ಣ ದೋಣಿ" ಎಂಬ ಮಾತು. ಯಾಕೆ ಹಾಗೆಂದೆನೋ! ಯೋಚಿಸಿ ಹೇಳಿದ ಸುಳ್ಳಲ್ಲ. ಸುತ್ತ ಇದ್ದ ಮುಖಗಳನ್ನು ನೋಡಿ ಬಾಯಿ ತನ್ನಷ್ಟಕ್ಕೆ ಹೇಳಿಬಿಟ್ಟಿತು. ಮಾದೇವಿ ಅಕ್ಕ ಎದುರಿಗೇ ಬೆಲ್ಲ ಕಚ್ಚುತ್ತ ಕೂತಿದ್ದರು. ಇಂಗ್ಲಿಷು ಅವರಿಗೆ ಬಾರದು.

ರೀಟಾ ನನ್ನ ಕೈ ಹಿಡಿದುಕೊಂಡಳು. ಹಾಗಾದರೆ ನೀನು ನಮ್ಮವಳು ಎಂದಳು. ಅಲ್ಲಿಂದ ಮುಂದೆ ನನ್ನ ಚಾಪೆ ಅವಳ ಚಾಪೆಯ ಪಕ್ಕ. ಸಂಬಲ್ ಎಂಬ ಅವರ ತೆಂಗಿನಕಾಯಿ ಚಟ್ನಿ ಅರೆಯುವುದನ್ನು ಕಲಿಸಿದಳು. ತಲೆಗೆ ಎಣ್ಣೆ ಹಚ್ಚಿದಳು. ಮಗಳಿಗೆ ಕೊಡೆಂದು ಬಣ್ಣದ ರಿಬ್ಬನು ಕೊಟ್ಟಳು. ಪ್ರತಿ ಸಲವೂ ಈಗ ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದೆ. ಪ್ರತಿ ಸಲವೂ ಮೊದಲಿಗಿಂತ ಕಷ್ಟವಾಗುತ್ತಿತ್ತು.

ಹೊರಡಲು ಎರಡು ದಿನವಿದ್ದಾಗ ಅವಳು ಒಂದು ಸುದ್ದಿ ತಂದಳು. ಅವರ ಕಡೆಯ ಸದಸ್ಯರೊಬ್ಬರು ಮರುದಿನ ಸಂಸತ್ತಿನಲ್ಲಿ ಇವರ ಬಲೆಗಳ ಬಗ್ಗೆ ಪ್ರಶ್ನೆ ಕೇಳುವವರಿದ್ದರು. ಸಾರ್ವಜನಿಕರ ಗ್ಯಾಲರಿಗೆ ಕೆಲವೇ ಪಾಸು ಸಿಕ್ಕಿದೆ, ಅದರಲ್ಲಿ ಎರಡು ನಿಮಗೆ, ಎಂದಳು. ಆಚೆ ದಡದಲ್ಲಿಯೂ ನಮ್ಮ ಹಾಗೆಯೇ ನೋಯುವವರಿದ್ದಾರೆ, ಅವರೂ ನಮ್ಮ ಜೊತೆ ಕೂತು ಕೇಳಲಿ ಎಂಬುದು ಅವಳ ಆಸೆ. ನಾನು ಬೇಡವೆಂದು ಎರಡು ಸಲ ಹೇಳಿದೆ. ಅವಳು ಅದನ್ನು ಸಂಕೋಚವೆಂದು ತಿಳಿದಳು.

ಕೆರೆಯ ನಡುವಿನ ಕಟ್ಟಡ

ಆ ಸಂಸತ್ತು ಇರುವುದು ಒಂದು ದೊಡ್ಡ ಕೆರೆಯ ನಡುವೆ. ದೂರದಿಂದ ತಾಮ್ರದ ಮಾಡುಗಳು ಕಾಣುತ್ತವೆ, ನಮ್ಮ ಕಡೆಯ ದೇವಸ್ಥಾನದ ಮಾಡಿನ ಹಾಗೆ ಇಳಿಜಾರು. ಮಾದೇವಿ ಅಕ್ಕ ಕೈಯೆತ್ತಿ ಮುಗಿದೇಬಿಟ್ಟರು. ದೇವರಿಲ್ಲ, ಮಂತ್ರಿಗಳಿರುವುದು ಎಂದೆ. ಮುಗಿದದ್ದು ವಾಪಸು ತೆಗೆದುಕೊಳ್ಳಲಾಗುವುದಿಲ್ಲವೆಂದರು.

ಬಾಗಿಲಲ್ಲಿ ಚೀಲ, ಫೋನು ಎಲ್ಲ ಇಸಕೊಂಡರು. ಅಕ್ಕನ ಎಲೆ-ಅಡಿಕೆಯ ಸಂಚಿಯನ್ನೂ ಇಸಕೊಂಡಾಗ ಅವರ ಮುಖ ಸಣ್ಣಗಾಯಿತು. ಬಾಯಲ್ಲಿದ್ದದ್ದನ್ನು ಉಗುಳಿ ಬರಲು ಅಂಗಳದ ಮೂಲೆ ಹುಡುಕುತ್ತ ಹೊರಟವರನ್ನು ಪೊಲೀಸಿನವಳೊಬ್ಬಳು ನಗುತ್ತಲೇ ಕರೆದುಕೊಂಡು ಹೋಗಿ ಬಾಯಿ ತೊಳೆಸಿ ತಂದಳು. ನಮ್ಮ ಮುಂದೆ ಬಿಳಿ ಸಮವಸ್ತ್ರದ ಶಾಲಾಮಕ್ಕಳ ಉದ್ದ ಸಾಲಿತ್ತು. ಮಾತಾಡುವಂತಿಲ್ಲ, ಕೈ ತಟ್ಟುವಂತಿಲ್ಲ, ಏನನ್ನೂ ತೋರಿಸುವಂತಿಲ್ಲ ಎಂದು ಒಬ್ಬರು ನಮಗೂ ಆ ಮಕ್ಕಳಿಗೂ ಒಂದೇ ಧಾಟಿಯಲ್ಲಿ ಹೇಳಿದರು. ಸಂಸತ್ತು ನೋಡಲು ದೆಹಲಿಗೂ ಹೋಗದವಳು, ಬೆಂಗಳೂರಿನ ವಿಧಾನಸೌಧವನ್ನು ಬಸ್ಸಿನ ಕಿಟಕಿಯಿಂದ ನೋಡಿದವಳು, ನಾನು ಮೆಟ್ಟಿಲು ಹತ್ತಿದೆ.

ಗ್ಯಾಲರಿ

ಮೇಲಿನಿಂದ ನೋಡಿದರೆ ಸದಸ್ಯರ ಬೋಳುತಲೆಗಳು, ಹರವಿದ ಕಾಗದಗಳು, ಮೇಜಿನ ಕೆಳಗೆ ಅರ್ಧ ಕಳಚಿದ ಚಪ್ಪಲಿಗಳು ಮೊದಲು ಕಾಣುತ್ತವೆ. ಒಬ್ಬರು ಆಕಳಿಸಿದರು. ಇಬ್ಬರು ಪಿಸುಗುಟ್ಟಿ ನಗುತ್ತಿದ್ದರು. ನಮ್ಮ ಪಂಚಾಯತಿ ಮೀಟಿಂಗಿನ ಹಾಗೇ ಇದೆ ಎಂದು ಮಾದೇವಿ ಅಕ್ಕ ನನ್ನ ಕಿವಿಯಲ್ಲಿ ಹೇಳಿದ್ದು ಪಿಸುಮಾತಿಗಿಂತ ಜೋರಾಯಿತು. ಕಾವಲಿನವರು ತುಟಿಯ ಮೇಲೆ ಬೆರಳಿಟ್ಟರು. ಅಕ್ಕ ಶಾಲೆಯ ಹುಡುಗಿಯಂತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಪ್ರಶ್ನೆಗಳು ಒಂದೊಂದಾಗಿ ಬಂದವು. ಕಿವಿಗೆ ಹಾಕಿಕೊಂಡ ಯಂತ್ರದಲ್ಲಿ ಹೆಂಗಸೊಬ್ಬಳು ಎಲ್ಲವನ್ನೂ ಇಂಗ್ಲಿಷಿನಲ್ಲಿ, ಏರಿಳಿತವಿಲ್ಲದೆ ಹೇಳುತ್ತಿದ್ದಳು. ಯಾವುದೋ ಊರಿನ ಆಸ್ಪತ್ರೆಗೆ ವೈದ್ಯರಿಲ್ಲ. ಯಾವುದೋ ಸೇತುವೆ ಅರ್ಧಕ್ಕೆ ನಿಂತಿದೆ. ಒಬ್ಬ ಸದಸ್ಯ ಕೇಳುವುದು, ಮಂತ್ರಿ ಎದ್ದು ಕಾಗದ ನೋಡಿ ಹೇಳುವುದು, ಸಾಲದೆಂದು ಸದಸ್ಯ ಮತ್ತೆ ಕೇಳುವುದು. ಆ ಎರಡನೇ ಸಲದ ಪ್ರಶ್ನೆಯೇ ನಿಜವಾದದ್ದೆಂದು ನನಗೆ ಬೇಗನೆ ತಿಳಿಯಿತು. ಮೊದಲನೆಯದಕ್ಕೆ ಉತ್ತರ ಬರೆದುಕೊಂಡು ಬಂದಿರುತ್ತಾರೆ. ಎರಡನೆಯದಕ್ಕೆ ಎದುರಿಗಿದ್ದವರ ಮುಖ ನೋಡಿ ಹೇಳಬೇಕು.

ಆಮೇಲೆ ರೀಟಾ ನನ್ನ ಮಣಿಕಟ್ಟು ಹಿಡಿದಳು. ಅವರ ಸದಸ್ಯರು ಎದ್ದಿದ್ದರು.

ಅವರು ತಮಿಳಿನಲ್ಲಿ ನಿಧಾನವಾಗಿ ಕೇಳಿದರು. ಮನ್ನಾರಿನ ದೋಣಿಗಳ ಬಲೆ ಹರಿದುಹೋಗುವುದು ಮಂತ್ರಿಗಳಿಗೆ ಗೊತ್ತಿದೆಯೇ, ಅದಕ್ಕೆ ಏನು ಮಾಡಲಾಗಿದೆ. ಒಬ್ಬ ವಿಧವೆಯ ಕತೆಯನ್ನೂ ಹೇಳಿದರು. ಗಂಡ ಸತ್ತ ಮೇಲೆ ಒಡವೆ ಮಾರಿ ಮಗನಿಗೆ ಬಲೆ ಕೊಡಿಸಿದ್ದಳು, ಅದು ನೀರಿಗಿಳಿದ ಮೊದಲ ವಾರವೇ ಹೋಯಿತು, ಮಗ ಈಗ ಕಟ್ಟಡದ ಕೂಲಿಗೆ ಹೋಗುತ್ತಾನೆ. ಮಂತ್ರಿ ಎದ್ದರು. ನೆರೆಯ ದೇಶದೊಂದಿಗೆ ಮಾತುಕತೆ ನಡೆದಿದೆ, ಕೆಲವು ಬೋಟುಗಳನ್ನು ಹಿಡಿಯಲಾಗಿದೆ, ಹೀಗೆ ಸಾಗಿತು ಉತ್ತರ.

ಸದಸ್ಯರು ಮತ್ತೆ ಎದ್ದರು. ಹಿಡಿದದ್ದು ಯಾರನ್ನು ಎಂದು ಕೇಳಿದರು. ಬೋಟಿನಲ್ಲಿದ್ದ ಕೂಲಿಯವರನ್ನು. ಅವರೂ ಬಡವರೇ, ಅವರ ಹೆಂಡಂದಿರೂ ದಡದಲ್ಲಿ ಅಳುತ್ತಾರೆ. "ಬೋಟಿನ ಯಜಮಾನರು ಸಮುದ್ರಕ್ಕೆ ಇಳಿಯುವುದೇ ಇಲ್ಲ. ಅವರು ಮನೆಯಲ್ಲಿ ಹೆಂಡತಿ ಮಕ್ಕಳ ಜೊತೆ ಕೂತು ಊಟ ಮಾಡುತ್ತಿರುತ್ತಾರೆ. ಅವರನ್ನು ಯಾರು ಕೇಳುತ್ತಾರೆ?"

ಕಿವಿಯಲ್ಲಿದ್ದ ಹೆಂಗಸು ಇದನ್ನೂ ಅದೇ ಸಪ್ಪೆ ದನಿಯಲ್ಲಿ ಹೇಳಿದಳು. ನನಗೆ ಊಟದ ಕೋಣೆ ಕಂಡಿತು. ನನ್ನ ಗಂಡ ತಟ್ಟೆಯ ಮುಂದೆ ಕೂತು ಫೋನಿನಲ್ಲಿ ತಾಂಡೇಲನ ಜೊತೆ ಮಾತಾಡುವುದು, ಆಳದಲ್ಲಿ ಮೀನಿಲ್ಲ, ಸ್ವಲ್ಪ ಒಳಗೆ ಹೊಡೆಯಲಾ ಎಂದು ಬೋಟು ನಡೆಸುವ ಆ ತಾಂಡೇಲ ಕೇಳುವುದು, ನೋಡಿಕೊಂಡು ಮಾಡು ಎಂದು ಇವರು ಹೇಳುವುದು, ನಾನು ಸಾರು ಬಡಿಸುವುದು. ಒಳಗೆ ಎಂದರೆ ದಡದ ಕಡೆ. ಒಳಗೆ ಎಂದರೆ ಬಾಡ. ಇದನ್ನು ನಾನು ಎಷ್ಟು ಸಲ ಕೇಳಿದ್ದೆನೋ, ಒಂದು ಸಲವೂ ಕಿವಿಗೆ ಬಿದ್ದಿರಲಿಲ್ಲ.

ಆಗ ಎದುರು ಬೆಂಚಿನಿಂದ ಯಾರೋ ಏನೋ ಚಟಾಕಿ ಹಾರಿಸಿದರು. ಕೆಳಗೆ ನಗೆ ಎದ್ದಿತು. ಕಿವಿಯ ಹೆಂಗಸು ಅದನ್ನು ಅನುವಾದಿಸಲಿಲ್ಲ. ರೀಟಾ ನಗಲಿಲ್ಲ, ಅಳಲೂ ಇಲ್ಲ. ನನ್ನ ಮಣಿಕಟ್ಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ತನ್ನವರನ್ನು ನೋಡಿ ನಕ್ಕರೆಂದು ಧೈರ್ಯಕ್ಕಾಗಿ ಅವಳು ಹಿಡಿದದ್ದು ನನ್ನ ಕೈ. ಬಿಡಿಸಿಕೊಳ್ಳುವ ಯೋಗ್ಯತೆಯೂ ನನಗಿರಲಿಲ್ಲ, ಹಿಡಿಸಿಕೊಳ್ಳುವ ಯೋಗ್ಯತೆಯೂ ಇರಲಿಲ್ಲ. ಎಂತ ಹೇಳ್ತಿದ್ರು ಎಂದು ಮಾದೇವಿ ಅಕ್ಕ ಕಣ್ಣಲ್ಲೇ ಕೇಳಿದರು. ಮಾತಾಡಬಾರದೆಂಬ ನಿಯಮ ಆ ಹೊತ್ತಿಗೆ ನನ್ನ ಪಾಲಿಗೆ ಒಳ್ಳೆಯದೇ ಆಯಿತು. ನಾನು ತಲೆ ಅಲ್ಲಾಡಿಸಿ ಕೆಳಗೆ ನೋಡಿದೆ.

ಮುಂದಿನ ಪ್ರಶ್ನೆ ರೈಲಿನದು.

ಕೆರೆಯ ದಂಡೆ

ಮಳೆ ನಿಂತಿತ್ತು. ದಂಡೆಯ ಕಲ್ಲುಬೆಂಚಿನ ಮೇಲೆ ರೀಟಾ ಊಟದ ಪೊಟ್ಟಣ ಬಿಚ್ಚಿದಳು. ಬಾಳೆಎಲೆಯಲ್ಲಿ ಅನ್ನ, ಮೀನಿನ ಪಲ್ಯ, ಅವಳೇ ಅರೆದ ಸಂಬಲ್. ಅವಳ ಊರಿನ ಹೆಂಗಸರು ಬಸ್ಸು ಕೇಳಲು ಹೋಗಿದ್ದರು. ನಾವು ಮೂವರೇ. ಎಲ್ಲರೂ ಕೇಳುವ ಹಾಗೆ ನಮ್ಮ ಮಾತು ಒಂದು ಸಲವಾದರೂ ಬಂತಲ್ಲ, ಅಷ್ಟೇ ಸಾಕು ಎಂದು ರೀಟಾ ಹೇಳಿದಳು. ಆಮೇಲೆ ಮಾದೇವಿ ಅಕ್ಕನ ಕಡೆ ತಿರುಗಿ, ನಿಮ್ಮ ಊರಿನಲ್ಲೂ ದೊಡ್ಡ ಬೋಟುಗಳು ಬಲೆ ಹರಿಯುತ್ತವೆಯೇ, ಅವು ಯಾರವು ಎಂದು ಕೇಳು ಎಂದು ನನಗೆ ಹೇಳಿದಳು.

ನಾನು ಕನ್ನಡದಲ್ಲಿ ಕೇಳಲೇಬೇಕಾಯಿತು. ಕೇಳಿದೆ.

ಮಾದೇವಿ ಅಕ್ಕ ತುತ್ತು ನುಂಗಿದರು. ನನ್ನನ್ನೇ ನೋಡಿದರು. ಸಿಟ್ಟು ಇರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ನಂಗೆಂತಕ್ಕೆ ಕೇಳ್ತೆ ತಂಗಿ?" ಎಂದರು. "ನೀನೇ ಹೇಳು. ನಿಂಗೆ ಗೊತ್ತಿಲ್ದೆ ಇಲ್ಲ ಅಲ."

ರೀಟಾ ಕಾಯುತ್ತಿದ್ದಳು. ನಾನು ಇಂಗ್ಲಿಷಿನಲ್ಲಿ, ಹರಿಯುತ್ತವೆ ಎಂದೆ. ಆಮೇಲೆ, ನನ್ನ ಗಂಡನಿಗೆ ಎರಡು ಟ್ರಾಲ್ ಬೋಟುಗಳಿವೆ, ನಾನು ಮೊದಲ ದಿನ ಹೇಳಿದ್ದು ಸುಳ್ಳು ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿಸಿದಳು. ಎರಡನೇ ಸಲ ಹೇಳುವಾಗ ಎಲೆಯ ಮೇಲಿನ ಅನ್ನ ಮಸುಕಾಯಿತು.

ಅವಳು ಬಯ್ಯಲಿಲ್ಲ. ಉಣ್ಣುವುದನ್ನು ನಿಲ್ಲಿಸಿ, ಎಲೆಯನ್ನು ಮಡಿಸಿ, ಕೈ ತೊಳೆದುಕೊಂಡಳು. ಈ ಅಮ್ಮನಿಗೆ ಗೊತ್ತಿತ್ತೇ ಎಂದು ಕೇಳಿದಳು. ಬೋಟಿನ ವಿಷಯ ಗೊತ್ತಿತ್ತು, ಸುಳ್ಳಿನ ವಿಷಯ ಗೊತ್ತಿರಲಿಲ್ಲ ಎಂದೆ.

"ನೀನು ಕೂತದ್ದು ಸುಶೀಲಾಳ ಜಾಗ," ಎಂದಳು. "ಒಡವೆ ಮಾರಿ ಬಲೆ ಕೊಡಿಸಿದವಳೆಂದು ಹೇಳಿದರಲ್ಲ, ಅವಳು. ತನ್ನ ಮಾತನ್ನು ಕೇಳಲಿಕ್ಕೇ ಊರಿನಿಂದ ಬಂದಿದ್ದಳು. ಪಾಸು ಕಡಿಮೆ ಬಿದ್ದಾಗ, ಆಚೆ ದಡದ ಹುಡುಗಿ ಕೂರಲಿ ಎಂದು ಅವಳೇ ಬಿಟ್ಟುಕೊಟ್ಟಳು."

ಸುಶೀಲಾ ಯಾರೆಂದು ನನಗೆ ಗೊತ್ತಿತ್ತು. ಬೆಳಿಗ್ಗೆ ಹೊರಡುವಾಗ ನನ್ನ ಸೀರೆಯ ನೆರಿಗೆ ಸರಿಮಾಡಿ ಕಳಿಸಿದ್ದ ಹೆಂಗಸು. ಇಗರ್ಜಿಯ ಮನೆಯಲ್ಲಿ ಪಾತ್ರೆ ತೊಳೆಯುತ್ತ ಕೂತಿದ್ದಳು, ನಾವು ಬಂದು ಕತೆ ಹೇಳುವುದನ್ನು ಕಾಯುತ್ತ.

ಸಂಜೆ ಅವಳಿಗೆ ಕತೆ ಹೇಳಿದ್ದು ರೀಟಾ. ನಾನು ಬಾಗಿಲ ಹೊರಗೆ ನಿಂತಿದ್ದೆ. ತಮಿಳು ತಿಳಿಯದಿದ್ದರೂ, ನನ್ನ ವಿಷಯ ಎಲ್ಲಿ ಬಂತೆಂದು ತಿಳಿಯಿತು. ಸುಶೀಲಾ ಬಾಗಿಲ ಕಡೆ ನೋಡಿದಳು, ಮತ್ತೆ ಮುಖ ತಿರುಗಿಸಿಕೊಂಡಳು. ನಾನು ಒಳಗೆ ಹೋಗಿ ಅವಳ ಕಾಲ ಬಳಿ ಕೂತೆ. ಅವಳು ಕಾಲನ್ನು ಹಿಂದಕ್ಕೆ ಎಳೆದುಕೊಂಡಳು. ಆ ರಾತ್ರಿ ರೀಟಾಳ ಚಾಪೆ ಆ ಕಡೆಯ ಗೋಡೆಯ ಬದಿಗೆ ಹೋಗಿತ್ತು. ಮರುದಿನ ರೀಟಾ ಬಸ್ಸಿನ ತನಕ ಬಂದು ಮಾದೇವಿ ಅಕ್ಕನನ್ನು ತಬ್ಬಿಕೊಂಡಳು. ನನಗೆ, ಜೋಪಾನವಾಗಿ ಹೋಗಿ ಬನ್ನಿ ಎಂದಳು, ಬ್ಯಾಂಕಿನವರು ಗುರುತಿಲ್ಲದ ಗಿರಾಕಿಗೆ ಹೇಳುವ ಹಾಗೆ.

ರೈಲು

ಹಿಂದಿರುಗುವ ರೈಲು ಮಂಗಳೂರು ದಾಟಿತು. ಭಟ್ಕಳ ಹತ್ತಿರವಾದಾಗ ಮಳೆ ಕಿಟಕಿಗೆ ಹೊಡೆಯತೊಡಗಿತು. ಶಿರಾಲಿಯ ಗದ್ದೆಗಳಲ್ಲಿ ಭತ್ತದ ಸಸಿ ನೆಡುವ ನೆಟ್ಟಿ ನಡೆದಿತ್ತು. ನಾನು ಕೊಲಂಬೊದಲ್ಲಿ ಕೇಳಿದ್ದೆಲ್ಲವನ್ನೂ, ನನ್ನ ಸುಳ್ಳನ್ನೂ ಸೇರಿಸಿ ಅವರಿಗೆ ಕನ್ನಡದಲ್ಲಿ ಹೇಳಿದೆ. ಕೊನೆಗೆ, ನಿಮ್ಮ ಮನೆಯ ಬಲೆ ಯಾವಾಗಲಾದರೂ ನಮ್ಮ ಬೋಟಿಗೆ ಸಿಕ್ಕಿ ಹೋಗಿದೆಯೇ ಎಂದು ಕೇಳಿದೆ.

ಅಕ್ಕ ಸಂಚಿಯಿಂದ ಎಲೆ ತೆಗೆದು ಒರೆಸಿ, ಸುಣ್ಣ ಹಚ್ಚಿದರು.

"ಇದ್ನ ಕೇಳುಕೆ ಅಷ್ಟು ದೂರ ಹೋಗ್ಬೇಕಾಗಿತ್ತಾ?" ಎಂದರು. "ನಿಮ್ಮನೆಯಿಂದ ನಮ್ಮನೆಗೆ ಬಸ್ಸಿತ್ತು."

ಹೋಗಿದೆಯೋ ಇಲ್ಲವೋ ಎಂದು ಹೇಳಲಿಲ್ಲ. ಮಕ್ಕಳನ್ನು ಕೇಳಬೇಕು, ನೀರಿಗೆ ಹೋಗುವವರು ಅವರು ಎಂದರು. ಹೊನ್ನಾವರ ಬಂತು. ನಾನು ಇಳಿಯಬೇಕಾದ ಸ್ಟೇಷನ್ನು. ಗಂಡ ಕೊಡೆ ಹಿಡಿದು ಪ್ಲಾಟ್‌ಫಾರ್ಮಿನಲ್ಲಿ ನಿಂತದ್ದು ಕಿಟಕಿಯಿಂದ ಕಂಡಿತು. ನಾನು ಏಳಲಿಲ್ಲ. ರೈಲು ಹೊರಟಿತು. ಫೋನು ಬಂತು.

"ಎಂತ ಆತು? ನಿದ್ರೆ ಹೋಗಿತ್ತಾ?"

"ಇಲ್ಲ. ನಾನು ಬಾಡಕ್ಕೆ ಹೋಗ್ತೆ. ನೀವೂ ಅಲ್ಲಿಗೆ ಬನ್ನಿ."

"ಬಾಡಕ್ಕಾ? ಎಂತಕ್ಕೆ?"

ಬಂದ ಮೇಲೆ ಹೇಳ್ತೆ ಎಂದು ಇಟ್ಟುಬಿಟ್ಟೆ.

ಬಾಡ

ಜಗಲಿಯಲ್ಲಿ ಮಾದೇವಿ ಅಕ್ಕನ ಮಕ್ಕಳು ಬಲೆ ಹೆಣೆಯುತ್ತ ಕೂತಿದ್ದರು. ಮಳೆಗಾಲದಲ್ಲಿ ದೋಣಿಯವರ ಮನೆಗಳಲ್ಲಿ ಇದೇ ಕೆಲಸ. ಹಿರಿಯವನು ತಾಯಿಯ ಚೀಲ ಇಳಿಸಿಕೊಂಡ. ಕಿರಿಯವನು ನನ್ನನ್ನು ಕಂಡು, ಯಾರ ಮನೆಯವಳೆಂದು ಗುರುತು ಹತ್ತಿ, ಎದ್ದು ಒಳಗೆ ಹೋದ. ಅಕ್ಕ ಕರೆದರೂ ಹೊರಗೆ ಬರಲಿಲ್ಲ.

ಗಂಡ ಬೈಕಿನಲ್ಲಿ ತೊಯ್ದುಕೊಂಡು ಬಂದರು. ಅಂಗಳಕ್ಕೆ ಬರುವ ದಣಪೆಯ ಹತ್ತಿರವೇ ನಿಂತರು. ಅವರಿಗೂ ಇದು ಯಾರ ಮನೆಯೆಂದು ಗೊತ್ತಿತ್ತು. ಮೇಲೆ ಬಾ ತಮಾ ಎಂದು ಅಕ್ಕ ಎರಡು ಸಲ ಕರೆದ ಮೇಲೆ ಜಗಲಿಯ ತುದಿಯಲ್ಲಿ ಕೂತರು. ನಾನು ಗಂಡನಿಗೆ ಹೇಳಬೇಕೆಂದುಕೊಂಡು ಬಂದ ಮಾತುಗಳು ಬಹಳ ಇದ್ದವು. ಅಲ್ಲಿ ಒಂದೂ ಹೇಳಲಾಗಲಿಲ್ಲ. ರೈಲಿನಲ್ಲಿ ಕೇಳಿದ ಪ್ರಶ್ನೆಯನ್ನೇ ಹಿರಿಯವನಿಗೆ ಕೇಳಿದೆ.

ಅವನು ನನ್ನ ಗಂಡನ ಕಡೆ ನೋಡದೆ, ಮಡಿಲಲ್ಲಿದ್ದ ಬಲೆಯನ್ನು ಎತ್ತಿ ಅಗಲ ಮಾಡಿ ಹಿಡಿದ. ನಡುವೆ ಒಬ್ಬ ಮನುಷ್ಯ ದಾಟಿ ಹೋಗುವಷ್ಟು ಜಾಗವಿತ್ತು. ಇದು ಉಳಿದದ್ದು ಎಂದ. ಹೋದದ್ದನ್ನು ತೋರಿಸಲಾಗುವುದಿಲ್ಲ ಎಂದ. ಆ ದಿನ ಕತ್ತಲಲ್ಲಿ ಬೋಟಿನ ಹೆಸರು ತನಗೆ ಕಂಡಿತ್ತು, ದಡಕ್ಕೆ ಬಂದು ಯಾರಿಗೂ ಹೇಳಿರಲಿಲ್ಲ, ಹೇಳಿದರೆ ಯಾರು ಕೇಳುತ್ತಾರೆಂದು. ಈಗ ಆ ಹೆಸರನ್ನು ಹೇಳಿದ. ಅದು ನನ್ನ ಮಗಳ ಹೆಸರು. ಅವಳು ಹುಟ್ಟಿದ ವರ್ಷ ಕೊಂಡ ಬೋಟಿಗೆ ನಾವು ಅದನ್ನೇ ಇಟ್ಟಿದ್ದೆವು.

ಗಂಡ ಬಲೆಯ ಅಂಚನ್ನು ಬೆರಳಲ್ಲಿ ಹಿಡಿದುಕೊಂಡರು. ತಪ್ಪನ್ನು ತಾಂಡೇಲನ ಮೇಲೆ ಹಾಕುತ್ತಾರೆಂದು ನಾನು ಹೆದರಿದ್ದೆ. ಹಾಕಲಿಲ್ಲ. ದಡದ ಕಡೆ ಹೊಡೆಯಲು ಬಿಟ್ಟವನು ನಾನೇ ಎಂದರು, ಮೆಲ್ಲಗೆ. ಒಳಗಿನಿಂದ ಕಿರಿಯವನು ಅದನ್ನು ಕೇಳಿರಬೇಕು. ಆದರೂ ಬರಲಿಲ್ಲ. ಅಕ್ಕ ಚಹ ತಂದರು.

ನಿಷೇಧ ಮುಗಿದು ಬೋಟುಗಳು ನೀರಿಗಿಳಿದು ಈಗ ಕೆಲವು ತಿಂಗಳಾದವು. ಹೊಸ ಬಲೆಯ ನೂಲು ನಮ್ಮ ಮನೆಯಿಂದ ಬಾಡಕ್ಕೆ ಹೋಗಿದೆ, ಹಿರಿಯವನು ತೆಗೆದುಕೊಂಡಿದ್ದಾನೆ. ಒಂದು ಬೋಟಿನ ತಾಂಡೇಲ ಮಾತು ಕೇಳುತ್ತಾನೆ. ಇನ್ನೊಬ್ಬ, ಎಲ್ಲರೂ ಒಳಗೆ ಹೊಡೆಯುವಾಗ ನಾನೊಬ್ಬ ಹೊರಗಿದ್ದು ಖಾಲಿ ಬರಬೇಕೇ ಎಂದು ಬೇರೆಯವರ ಬೋಟಿಗೆ ಹೋದ. ಕಾಸರಕೋಡದ ಬಂದರಿನಲ್ಲಿ ನನ್ನ ಗಂಡನನ್ನು ಕಂಡು ನಗುವವರಿದ್ದಾರೆ, ಹೆಂಡತಿ ಲಂಕೆಗೆ ಹೋಗಿ ಬುದ್ಧಿ ಕಲಿತು ಬಂದಳೆಂದು. ರೀಟಾಗೆ ಎಲ್ಲವನ್ನೂ ಬರೆದು ಕಳಿಸಿದೆ. ಉತ್ತರ ಬಂದಿಲ್ಲ. ಬರಬೇಕೆಂದು ಕೇಳುವ ಹಕ್ಕೂ ನನಗಿಲ್ಲ.

ಆ ದಿನ ಬಾಡದಿಂದ ಹೊರಡುವಾಗ ಮಳೆ ಬಿಟ್ಟು ಬಿಸಿಲು ಬಂದಿತ್ತು. ಸುದ್ದಿ ಆಗಲೇ ಹಬ್ಬಿತ್ತು. ಎರಡೂ ಬದಿಯ ಜಗಲಿಗಳಲ್ಲಿ ಹೆಂಗಸರು, ಗಂಡಸರು ಬಲೆ ಬಿಟ್ಟು ಎದ್ದು ನಿಂತು ನೋಡುತ್ತಿದ್ದರು. ಗಂಡ ಬೈಕನ್ನು ಜೋರಾಗಿ ಓಡಿಸಲು ಹೊರಟರು. ನಾನು ಅವರ ಹೆಗಲ ಮೇಲೆ ಕೈಯಿಟ್ಟು, ನಿಧಾನ ಹೋಗಿ, ಎಲ್ಲರೂ ನೋಡಲಿ ಎಂದೆ.